ಕಿತ್ತಯ್ಯ ಯಾವ ಕನ್ನಡ ಆಡಬೇಕು?

ಹೆಬ್ಬಾಳದಲ್ಲಿ ಸಿಕ್ಕ ವೀರಗಲ್ಲೊಂದರ ಮೇಲೆ ಕಿತ್ತಯ್ಯ ಎಂಬವನ ಹೆಸರಿದೆ. ಕಾಲ ಸುಮಾರು ಕ್ರಿ.ಶ. 750. ಗಂಗರ ಶ್ರೀಪುರುಷ ಆಳುತ್ತಿದ್ದ. ರಾಷ್ಟ್ರಕೂಟರ ಕಡೆಯವರು ಊರಿನ ಮೇಲೆ ಬಿದ್ದರು, ಕಿತ್ತಯ್ಯ ಕಾದಿ ಸತ್ತ, ಇಂದ್ರನ ಲೋಕಕ್ಕೆ ಹೋದ. ಕಲ್ಲು ಹೇಳುವುದು ಹೆಚ್ಚುಕಡಿಮೆ ಇಷ್ಟೇ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದು ಅತ್ಯಂತ ಹಳೆಯದೆಂದು ಬಲ್ಲವರು ಹೇಳುತ್ತಾರೆ. ನಮ್ಮ ಹೆಬ್ಬಾಳದ ಹೆಸರು ಆ ಕಲ್ಲಿನಲ್ಲಿ 'ಪೆರ್ಬೊಳಲ್' ಎಂದಿದೆ. ಹಿರಿಯ ಊರು ಎಂದರ್ಥ.

ಕಿತ್ತಯ್ಯನ ಮೇಲೊಂದು ಕಥೆ ಬರೆಯಬೇಕೆಂದು ಎರಡು ವರ್ಷದಿಂದ ತಿಣುಕುತ್ತಿದ್ದೇನೆ. ಕಥೆಯ ಹಂದರ ಸಿಕ್ಕಿದೆ, ಊರಿನ ನಕ್ಷೆ ಮನಸ್ಸಿನಲ್ಲಿದೆ, ಸಾಯುವ ದಿನದ ಬೆಳಗು ಹೇಗಿತ್ತೆಂಬುದೂ ಒಂದು ಮಟ್ಟಿಗೆ ಕಾಣಿಸುತ್ತದೆ. ಆದರೆ ಅವನು ಬಾಯಿ ಬಿಟ್ಟ ಕೂಡಲೇ ನಾನು ನಿಂತುಬಿಡುತ್ತೇನೆ. ಅವನು ಯಾವ ಕನ್ನಡ ಆಡಬೇಕು? ಮೇಲ್ನೋಟಕ್ಕೆ ಇದು ಕಸುಬಿನ ತೊಂದರೆ, ಬರೆಯುವವರು ಕೂತು ಬಗೆಹರಿಸಿಕೊಳ್ಳುವಂಥದು. ಕೆದಕಿದಷ್ಟೂ ಇದರ ಕೆಳಗೆ ಇನ್ನೊಂದು ಪ್ರಶ್ನೆ ಕಾಣುತ್ತಿದೆ. ಕಟ್ಟುಕಥೆಯಲ್ಲಿ ಎಲ್ಲವೂ ಕಟ್ಟಿದ್ದೇ ಆದಮೇಲೆ ಅಲ್ಲಿ ಸುಳ್ಳು ಎಂಬುದೊಂದು ಇರಲು ಸಾಧ್ಯವೇ? ಒಂದು ಪದವನ್ನು ಆರಿಸಿಕೊಂಡಿದ್ದಕ್ಕಾಗಿ ಕಥೆಗಾರ ಯಾರಿಗಾದರೂ ಉತ್ತರ ಹೇಳಬೇಕೇ?

ಮೊದಲ ದಾರಿ ಹಳಗನ್ನಡದ್ದು. ಅವನ ಕಾಲದ ಮಾತನ್ನೇ ಅವನ ಬಾಯಿಗೆ ಕೊಡುವುದು. ಕೇಳಲು ಪ್ರಾಮಾಣಿಕವಾಗಿದೆ. ಕಿತ್ತಯ್ಯ ಹಾಲು ಅನ್ನುತ್ತಿರಲಿಲ್ಲ, ಪಾಲ್ ಅನ್ನುತ್ತಿದ್ದ. ಹುಲಿ ಅವನಿಗೆ ಪುಲಿ. ಪದದ ಮೊದಲಲ್ಲಿದ್ದ ಪಕಾರ ಹಕಾರವಾದದ್ದು ಅವನು ಸತ್ತು ತಲೆಮಾರುಗಳು ಕಳೆದ ಮೇಲೆ. ಪೆರ್ಬೊಳಲ್ ಹೆಬ್ಬಾಳವಾಗುವ ಹಾದಿಯಲ್ಲಿ ನಡೆದದ್ದೂ ಅದೇ. ಆದರೆ ಪೂರಾ ಹಳಗನ್ನಡದಲ್ಲಿ ಬರೆದರೆ ಓದುವವರು ನಿಘಂಟು ಹಿಡಿದು ಕೂರಬೇಕು. ಅಲ್ಲೊಂದು ಇಲ್ಲೊಂದು ಪದ ಉದುರಿಸಿದರೆ ಅದು ನಾಟಕದ ಮೀಸೆ ಅಂಟಿಸಿದಂತೆ.

ಇನ್ನೊಂದು ತಮಾಷೆಯಿದೆ. ಹಳೆಯ ಕಾಲದವರು ಹೀಗೆ ಮಾತಾಡುತ್ತಿದ್ದರು ಎಂದು ನಾವು ನಂಬಿರುವ ಕನ್ನಡ ಬಹುಪಾಲು ಕಂಪನಿ ನಾಟಕ ಮತ್ತು ಸಿನಿಮಾ ಕೊಟ್ಟದ್ದು. 1975ರ 'ಮಯೂರ' ಚಿತ್ರದ ರಾಜ್‌ಕುಮಾರ್ ದನಿ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಕದಂಬರೂ ಗಂಗರೂ ಹೊಯ್ಸಳರೂ ಎಲ್ಲರೂ ನಮಗೆ ಅದೇ ಗತ್ತಿನಲ್ಲಿ ಕೇಳಿಸುತ್ತಾರೆ. ಅದು ಸೊಗಸಾದ ಕನ್ನಡವೇ. ಆದರೆ ಹೆಬ್ಬಾಳದ ಹೊಲದಲ್ಲಿ ಸತ್ತವನೊಬ್ಬ ತನ್ನ ಹೆಂಡತಿಯೊಡನೆ ಆ ಗತ್ತಿನಲ್ಲಿ ಮಾತಾಡಿದನೆಂದು ಬರೆಯಲು ನನ್ನ ಕೈ ಬರುವುದಿಲ್ಲ.

ಯಲಹಂಕದ ನಮ್ಮ ಬೀದಿಯಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ ಆಡುವ ಹಿರಿಯರೊಬ್ಬರಿದ್ದಾರೆ. ಒಂದು ಸಂಜೆ ನನ್ನ ಕರಡಿನ ಒಂದು ಪುಟ ಅವರಿಗೆ ಓದಿ ಹೇಳಿದೆ. 'ಪುಲಿ' ಬಂದ ಕಡೆ ತಡೆದರು. "ಇದೇನಪ್ಪ, ನಿಮ್ಮ ಕಿತ್ತಯ್ಯ ನಮ್ಮ ಮಾತು ಆಡ್ತಾನಲ್ಲ?" ಎಂದರು. ತಮಾಷೆಗೆ ಹೇಳಿದ್ದು. ಆದರೆ ನಿಜ. ತೆಲುಗಿನವರು ಇವತ್ತಿಗೂ ಪುಲಿ ಅನ್ನುತ್ತಾರೆ, ಪಾಲು ಅನ್ನುತ್ತಾರೆ. ತಮಿಳರೂ ಪುಲಿ, ಪಾಲ್ ಅನ್ನುತ್ತಾರೆ. ಹೆಬ್ಬಾಳದ ಹಳೆಯ ಕನ್ನಡಿಗನೊಬ್ಬ ಎದ್ದು ಬಂದು ಹುಲಿ ಎಂದು ಕೂಗಿದರೆ, ಈ ಎರಡು ಪದಗಳ ಮಟ್ಟಿಗೆ, ಅವನ ದನಿ ನನಗಿಂತ ಆ ಹಿರಿಯರಿಗೆ ಬೇಗ ಹತ್ತುತ್ತದೆ. ಹಳತು ಎಂದರೆ ಶುದ್ಧ, ಶುದ್ಧ ಎಂದರೆ ನಮ್ಮೊಬ್ಬರದೇ ಎಂದುಕೊಂಡು ಹಳಗನ್ನಡದ ಕಡೆ ನಡೆದವರಿಗೆ ಮೊದಲ ತಿರುವಿನಲ್ಲೇ ಪಕ್ಕದ ಮನೆಯವರು ಎದುರಾಗುತ್ತಾರೆ.

ಎರಡನೆಯ ದಾರಿ ಇವತ್ತಿನ ಕನ್ನಡದ್ದು. ನಮ್ಮಲ್ಲಿ ದೊಡ್ಡವರು ನಡೆದ ದಾರಿ ಇದು. ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) ಅರಮನೆಯ ಕಥೆಯಾದರೂ ಮಾತಿಗೆ ಕಿರೀಟ ತೊಡಿಸುವುದಿಲ್ಲ. ಭೈರಪ್ಪನವರ 'ಪರ್ವ' (1979) ಮಹಾಭಾರತದವರನ್ನು ಸುಸ್ತಾದ, ಬೆವರುವ, ಅನುಮಾನಪಡುವ ಮನುಷ್ಯರಂತೆ ಮಾತಾಡಿಸುತ್ತದೆ. ವಸುಧೇಂದ್ರರ 'ತೇಜೋ-ತುಂಗಭದ್ರಾ'ದಲ್ಲಿ (2019) ಲಿಸ್ಬನ್ನಿನವರೂ ವಿಜಯನಗರದವರೂ ನಮಗೆ ತಿಳಿಯುವ ಕನ್ನಡದಲ್ಲೇ ಬದುಕುತ್ತಾರೆ. ಪೋರ್ಚುಗೀಸ್ ಹುಡುಗನೊಬ್ಬ ಕನ್ನಡದಲ್ಲಿ ಯೋಚಿಸಿದನೇ ಎಂದು ಓದುವಾಗ ಯಾರೂ ಕೇಳುವುದಿಲ್ಲ. ಅದು ಅನುವಾದವೆಂದು ನಾವು ಒಳಗೊಳಗೇ ಒಪ್ಪಿಕೊಂಡಿರುತ್ತೇವೆ.

ಈ ಒಪ್ಪಂದವನ್ನು ಬಾಯಿಬಿಟ್ಟು ಹೇಳಿದವನು ಇಂಗ್ಲಿಷಿನ ಟೋಲ್ಕಿನ್. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೊನೆಯ ಅನುಬಂಧವೊಂದರಲ್ಲಿ, ತನ್ನ ಪಾತ್ರಗಳು ಆಡಿದ್ದು ಇಂಗ್ಲಿಷನ್ನಲ್ಲ, ಅವರದೇ ಬೇರೊಂದು ಭಾಷೆಯನ್ನು, ತಾನು ಅದನ್ನು ಇಂಗ್ಲಿಷಿಗೆ ತಂದಿದ್ದೇನೆ, ಹೆಸರುಗಳನ್ನೂ ಅನುವಾದಿಸಿದ್ದೇನೆ ಎನ್ನುತ್ತಾನೆ. ಇಡೀ ಲೋಕವನ್ನೇ ಕಟ್ಟಿದವನು ತನ್ನನ್ನು ಅನುವಾದಕ ಎಂದು ಕರೆದುಕೊಂಡದ್ದು ಬರೀ ಆಟವೆಂದು ನನಗೆ ಅನಿಸುವುದಿಲ್ಲ. ಅನುವಾದಕನಿಗೆ ಸ್ವಾತಂತ್ರ್ಯವಿದೆ, ಮೂಲದ ಋಣವೂ ಇದೆ. ಮೂಲ ಕಲ್ಪಿತವಾಗಿದ್ದರೂ ಋಣ ಇದ್ದೇ ಇದೆ. ಕಿತ್ತಯ್ಯನ ಕಥೆಯನ್ನು ಹೀಗೆ ನೋಡಿದಾಗ ನನ್ನ ಅರ್ಧ ಭಾರ ಇಳಿಯಿತು. ಅವನು 'ಹಾಲು' ಎಂದರೆ ಸುಳ್ಳಾಗುವುದಿಲ್ಲ, ಅದು ಪಾಲ್ ಎಂಬುದರ ಅನುವಾದ. ಉಳಿದರ್ಧ ಭಾರ ಹಾಗೇ ಇದೆ. ಯಾವ ಪದ ಅನುವಾದ, ಯಾವುದು ಮೋಸ?

ಸುಲಭದವನ್ನು ಮೊದಲು ಮುಗಿಸೋಣ. ಕಿತ್ತಯ್ಯನ ಮನೆಯಲ್ಲಿ ಮೆಣಸು ಇರಬಹುದು, ಮೆಣಸಿನಕಾಯಿ ಇರಲಾರದು. ಅದು ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಅವರು ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ. ಸೀಬೆ, ಆಲೂಗಡ್ಡೆ, ಟೊಮ್ಯಾಟೊ, ಕಡಲೆಕಾಯಿ ಯಾವುದೂ ಇಲ್ಲ. ಪರಂಗಿ ಹಣ್ಣಂತೂ ತನ್ನ ಹೆಸರಿನಲ್ಲೇ ಪರದೇಶದ ಗುರುತು ಹೊತ್ತಿದೆ. ಇವೆಲ್ಲ ಎಚ್ಚರದ ವಿಷಯ, ಪಟ್ಟಿ ಮಾಡಿಕೊಂಡರೆ ಆಯಿತು.

ಪದಗಳ ವಿಷಯ ಅಷ್ಟು ಸಲೀಸಲ್ಲ. 'ರೈತ' ಎಂಬ ಪದವನ್ನೇ ತೆಗೆದುಕೊಳ್ಳಿ. ಇದಕ್ಕಿಂತ ಮಣ್ಣಿನ ಪದ ಬೇರೆ ಇಲ್ಲವೆನಿಸುತ್ತದೆ. ಇದರ ಮೂಲ ಅರಬ್ಬಿ. 'ಬದಲು', 'ಖಾಲಿ'ಗಳೂ ಅಲ್ಲಿಂದಲೇ ಬಂದವು. ಹಾಗೆಂದು ಇವನ್ನೆಲ್ಲ ಕಥೆಯಿಂದ ಆಯ್ದು ಹೊರಗೆಸೆಯಬೇಕೇ? ಬೇಡವೆಂಬುದು ನನ್ನ ಅಭಿಪ್ರಾಯ. ಪದದ ಹುಟ್ಟೂರನ್ನು ವಿಚಾರಿಸುವುದು ತಪ್ಪು ಪರೀಕ್ಷೆ. "ಅವನ ಬದಲು ಇವನು ಹೋದ" ಎಂಬಲ್ಲಿ 'ಬದಲು' ತನ್ನ ಜೊತೆ ಏನನ್ನೂ ಹೊತ್ತು ತರುವುದಿಲ್ಲ. ಗಾಜಿನಂತೆ, ಅದರಾಚೆಗಿನದು ಕಾಣುತ್ತದೆ. ಆದರೆ 'ರೈತ' ಎಂದ ಕೂಡಲೇ ಕಂದಾಯ, ಪಹಣಿ, ಸಾಲಮನ್ನಾ, ಹಸಿರು ಶಾಲು ಎಲ್ಲವೂ ಕಥೆಯೊಳಗೆ ನುಗ್ಗುತ್ತವೆ. ಕಿತ್ತಯ್ಯನ ಲೋಕದಲ್ಲಿ ಅವಕ್ಕೆ ಜಾಗವಿಲ್ಲ. ಅಲ್ಲಿ ನಾನು 'ಒಕ್ಕಲು' ಎಂದು ಬರೆಯುತ್ತೇನೆ. ಎಲ್ಲಿಂದ ಬಂತು ಎಂಬುದಕ್ಕಿಂತ ಏನನ್ನು ಹೊತ್ತು ಬಂತು ಎಂಬುದೇ ಕೇಳಬೇಕಾದ ಪ್ರಶ್ನೆ.

ಇದೇ ಪ್ರಶ್ನೆಯನ್ನು ಅಚ್ಚಕನ್ನಡದ ಪದಕ್ಕೂ ಕೇಳಬೇಕು, ಹೆಚ್ಚು ಅಪಾಯ ಇರುವುದು ಅಲ್ಲೇ. 'ನಾಡು' ಎಂಬ ಪದ ಆ ಕಲ್ಲಿನಲ್ಲೂ ಇದೆ, ಇವತ್ತಿನ ಬಸ್ಸಿನ ಮೇಲೂ ಇದೆ. ಪೆರ್ಬೊಳಲ್ನಾಡು ಎಂದರೆ ಹೆಬ್ಬಾಳದ ಸುತ್ತಮುತ್ತಲ ಒಂದಷ್ಟು ಹಳ್ಳಿಗಳ ಗುಂಪು. ಯಲಹಂಕ ನಾಡಪ್ರಭು ಎಂದು ಕೆಂಪೇಗೌಡರನ್ನು ಕರೆಯುವಾಗಲೂ ಆ ನಾಡು ಯಲಹಂಕ ನಾಡೇ. ಇವತ್ತು ಬರೀ 'ನಾಡಪ್ರಭು' ಎಂದರೆ ನಮಗೆ ಬೀದರಿನಿಂದ ಚಾಮರಾಜನಗರದವರೆಗೆ ಕಣ್ಣ ಮುಂದೆ ಬರುತ್ತದೆ. ಈಗ "ಕಿತ್ತಯ್ಯ ನಾಡಿಗಾಗಿ ಪ್ರಾಣ ಕೊಟ್ಟ" ಎಂದು ಬರೆದೆ ಎನ್ನಿ. ಅಕ್ಷರಕ್ಕೆ ಅಕ್ಷರ ಸರಿ. ಆದರೆ ಓದುವವರ ಮನಸ್ಸಿನಲ್ಲಿ ಮೂಡುವ ಚಿತ್ರ ಸುಳ್ಳು. ಹಳೆಯ ಪದವನ್ನೇ ಬಳಸಿ ಸುಳ್ಳು ಹೇಳಬಹುದೆಂದು ನನಗೆ ಮನವರಿಕೆಯಾದದ್ದು ಈ ಒಂದು ವಾಕ್ಯದಲ್ಲಿ.

ಹಾಗಾದರೆ ಅವನು ಯಾತಕ್ಕೆ ಸತ್ತ? ನಮ್ಮ ಶಾಸನಗಳಲ್ಲೂ ಹಳೆಯ ಕಾವ್ಯಗಳಲ್ಲೂ ಇದಕ್ಕೆ ಅವರದೇ ಪದಗಳಿವೆ. ಅನ್ನ ಇಕ್ಕಿದವನ ಋಣ ತೀರಿಸುವುದು ಜೋಳವಾಳಿ. ಒಡೆಯನ ಜೊತೆಗೇ ಪ್ರಾಣ ಬಿಡುವೆನೆಂಬ ಮಾತು ವೇಳೆವಾಳಿ. ದನ ಹೊಡೆದುಕೊಂಡು ಹೋಗುವುದು ತುರುಗೊಳ್, ಊರು ಹಾಳುಮಾಡುವುದು ಊರಳಿವು. ಹೆಂಗಸರ ಮೇಲೆ ಕೈಯಿಟ್ಟಾಗ ಏಳುವ ಕೂಗು ಪೆಣ್ಬುಯ್ಯಲ್. ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ನೆತ್ತರುಗೊಡಗೆ. ಈ ಪದಗಳನ್ನು ಸಾಲಾಗಿ ಇಟ್ಟರೆ ಒಂದು ಲೋಕವೇ ಎದ್ದು ನಿಲ್ಲುತ್ತದೆ. ಅದು ಜೋಳದ, ದನದ, ನೆತ್ತರಿನ, ಪಕ್ಕದ ಮನೆಯ ಕೂಗಿನ ಲೋಕ. ಅಲ್ಲಿ ಸಾವಿನ ಕಾರಣಗಳು ಕೈಗೆಟುಕುವಷ್ಟು ಹತ್ತಿರದಲ್ಲಿವೆ. ಇವುಗಳ ಜಾಗದಲ್ಲಿ 'ದೇಶಭಕ್ತಿ', 'ಹುತಾತ್ಮ' ಎಂದು ಕೂರಿಸಿದರೆ ಆ ಲೋಕ ಒಂದೇ ಏಟಿಗೆ ಅಳಿದು ನಮ್ಮ ಕಾಲದ ಭಾಷಣವೊಂದು ಉಳಿಯುತ್ತದೆ. ಇದೂ ಒಂದು ಊರಳಿವೇ.

'ಶತ್ರು' ಎಂಬ ಪದದ ಕಥೆ ಇನ್ನೂ ತೊಡಕಿನದು. ಕಿತ್ತಯ್ಯನನ್ನು ಕೊಂದವರು ರಾಷ್ಟ್ರಕೂಟರ ಕಡೆಯವರು. ಅದೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು ನೂರು ವರ್ಷದ ಮೇಲೆ 'ಕವಿರಾಜಮಾರ್ಗ' ಹುಟ್ಟಿತು. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ, ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಎಲ್ಲೆ ಹಾಕಿ ಹೇಳಿದ ಗ್ರಂಥ. ನಾವು ಹೆಮ್ಮೆಪಡುವ ಇಬ್ಬರೂ ಒಂದೇ ಕತ್ತಿಯ ಎರಡು ಬದಿಯಲ್ಲಿದ್ದಾರೆ. ಇನ್ನೂ ನೂರು ವರ್ಷ ಮುಂದೆ ಬಂದರೆ ಗಂಗರ ಬೂತುಗ ರಾಷ್ಟ್ರಕೂಟರ ಮನೆಯ ಅಳಿಯ. 949ರ ತಕ್ಕೋಲದ ಕಾಳಗದಲ್ಲಿ ಅವನು ರಾಷ್ಟ್ರಕೂಟರ ಪರವಾಗಿ ಚೋಳರ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಕೆಚ್ಚು ತೋರಿದ ಮಣಲೆರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದರು. ಆತಕೂರಿನ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನೆಂಟಸ್ತಿಕೆಯೂ ಹಗೆಯೂ ತಲೆಮಾರಿಗೊಮ್ಮೆ ಮಗ್ಗುಲು ಬದಲಿಸುವ, ನಾಯಿಗೂ ವೀರಗಲ್ಲು ನಿಲ್ಲಿಸುವ ಈ ಲೋಕದಲ್ಲಿ 'ಶತ್ರು ದೇಶ' ಎಂಬ ಪದ ಕೂರುವುದಾದರೂ ಎಲ್ಲಿ? ಕಥೆಯಲ್ಲಿ ನಾನು 'ಮೇಲೆ ಬಿದ್ದವರು' ಎಂದಷ್ಟೇ ಬರೆದುಕೊಂಡಿದ್ದೇನೆ. ಅವರಲ್ಲೊಬ್ಬ ಸಾಯುವಾಗ ಅವ್ವಾ ಎಂದು ಕನ್ನಡದಲ್ಲೇ ಕೂಗುತ್ತಾನೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಟ್ಟು ಇದೆ. ಇಂಗ್ಲಿಷಿನವರು 'ಯೂ' ಎಂದು ಬರೆದು ಮುಂದೆ ಹೋಗಬಹುದು. ನಮಗೆ ಮೊದಲ ಸಂಭಾಷಣೆಯ ಮೊದಲ ಪದದಲ್ಲೇ ತೀರ್ಮಾನ ಕೊಡಬೇಕು. ನೀನೋ, ನೀವೋ, ತಾವೋ? ಊರ ಒಡೆಯ ಕಿತ್ತಯ್ಯನಿಗೆ ಏನನ್ನುತ್ತಾನೆ, ಕಿತ್ತಯ್ಯ ತಿರುಗಿ ಏನನ್ನುತ್ತಾನೆ, ಅವನ ಹೆಂಡತಿ ಅವನಿಗೆ ಏನನ್ನುತ್ತಾಳೆ? ಇಷ್ಟು ಆದರೆ ಆ ಊರಿನ ಮೇಲುಕೀಳು ಪೂರ್ತಿ ನಿಂತುಬಿಟ್ಟಿತು. ಇನ್ನು ನಿರೂಪಕನದು ಬೇರೆ. ಪತ್ರಿಕೆಯಲ್ಲಿ ಕಟ್ಟಡದಿಂದ ಬಿದ್ದ ಕೂಲಿಯಾಳು 'ಮೃತಪಟ್ಟಿದ್ದಾನೆ', ಕಟ್ಟಡದ ಮಾಲೀಕರು 'ನಿಧನರಾದರು'. ನಮ್ಮ ಕಥೆಗಳಲ್ಲೂ ಮನೆಯ ಯಜಮಾನಿ 'ಅವರು', ಪಾತ್ರೆ ತೊಳೆಯಲು ಬರುವವಳು ವಯಸ್ಸಿನಲ್ಲಿ ಹಿರಿಯಳಾದರೂ 'ಅವಳು'. ಯಾರೂ ಬೇಕೆಂದು ಮಾಡುವುದಲ್ಲ. ಭಾಷೆ ತಾನಾಗಿ ಜಾರುವ ಕಡೆ ನಾವೂ ಜಾರುತ್ತೇವೆ. ಲೋಕ ಕಟ್ಟುವುದೆಂದರೆ ಕೋಟೆ ಕೊತ್ತಲ ವರ್ಣಿಸುವುದೆಂದು ತಿಳಿಯುತ್ತೇವೆ. ಅದು ಆಗಲೇ ಕಟ್ಟಿ ಮುಗಿದಿರುತ್ತದೆ, ಒಂದು ಸರ್ವನಾಮದಲ್ಲಿ.

ಈ ಜಾರುವಿಕೆಗೆ ಎದುರಾಗಿ ನಿಂತು ಬರೆದವರು ನಮ್ಮಲ್ಲಿದ್ದಾರೆ ಎಂಬುದೇ ಧೈರ್ಯ. ಪಾತ್ರಗಳಿಗೆ ಆಡುಮಾತು ಕೊಟ್ಟು ತಾನು ಮಾತ್ರ ಶಿಷ್ಟ ಕನ್ನಡದ ಜಗಲಿಯ ಮೇಲೆ ಕೂರುವ ನಿರೂಪಕ ಕನ್ನಡಕ್ಕೆ ಹಳಬ. ದೇವನೂರ ಮಹಾದೇವರ 'ಕುಸುಮಬಾಲೆ' ಆ ಜಗಲಿಯನ್ನೇ ತೆಗೆದುಹಾಕಿತು. ಅಲ್ಲಿ ಹೇಳುವವನ ಮಾತಿಗೂ ಆಡುವವರ ಮಾತಿಗೂ ಒಂದೇ ನೆಲ. ಓದಲು ಕಷ್ಟ ಎಂದವರಿದ್ದರು, ಇದ್ದಾರೆ. ಆ ಕಷ್ಟದಲ್ಲೇ ನ್ಯಾಯವಿದೆ ಅನ್ನಿಸುತ್ತದೆ ನನಗೆ. ಅಲ್ಲಿಯವರೆಗೆ ಕಥೆಯ ಬಾಗಿಲಿಗೆ ಬಂದವರು ಶಿಷ್ಟ ಭಾಷೆ ಕಲಿತೇ ಒಳಗೆ ಬರಬೇಕಿತ್ತು. ಈಗ ಕಲಿಯುವ ಸರದಿ ನಮ್ಮದಾಯಿತು. ಕುವೆಂಪು 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ನಾಯಿಗುತ್ತಿಗೂ ಅವನ ನಾಯಿ ಹುಲಿಯನಿಗೂ ಕೊಟ್ಟಷ್ಟು ಪುಟ, ಕೊಟ್ಟಷ್ಟು ಪದ ಗೌಡರಿಗೂ ಸಿಕ್ಕಿದೆಯೋ ಇಲ್ಲವೋ. ತೇಜಸ್ವಿಯವರ 'ಕರ್ವಾಲೊ'ದಲ್ಲಿ (1980) ಹಾರುವ ಓತಿಯ ಬೆನ್ನು ಹತ್ತುವಾಗ ಕಾಡು ಬಲ್ಲ ಮಂದಣ್ಣನ ಮಾತು ವಿಜ್ಞಾನಿಯ ಮಾತಿನಷ್ಟೇ ತೂಕದ್ದು.

ಇಲ್ಲೊಂದು ಆಕ್ಷೇಪಣೆ ಬರುತ್ತದೆ, ಬರಬೇಕು. ಕಿತ್ತಯ್ಯ ಇದ್ದವನು, ಅವನಿಗೆ ಋಣವಿದೆ ಸರಿ. ಪೂರಾ ಕಲ್ಪಿತವಾದ ಊರಿಗೆ ಎಂಥ ಋಣ? ಕಂಬಾರರ ಶಿವಾಪುರ ಯಾವ ನಕ್ಷೆಯಲ್ಲಿದೆ? ಆರ್. ಕೆ. ನಾರಾಯಣರ ಮಾಲ್ಗುಡಿಗೆ ಯಾವ ರೈಲು ಹೋಗುತ್ತದೆ? ಅಲ್ಲಿ ಯಾವ ಪದ ಹಾಕಿದರೂ ನೋಯುವವರು ಯಾರೂ ಇಲ್ಲವಲ್ಲ. ಈ ವಾದ ನನ್ನನ್ನು ಬಹಳ ದಿನ ಹಿಡಿದಿಟ್ಟಿತ್ತು. ಆದರೆ ಶಿವಾಪುರ ಕಟ್ಟಿದ ಪದಗಳು ಕಲ್ಪಿತವಲ್ಲ. ಅವು ಬೆಳಗಾವಿ ಸೀಮೆಯ ಹೊಲ, ಗುಡಿ, ಆಟದ ಕಣಗಳಲ್ಲಿ ಜನ ಆಡಿ ಸವೆಸಿದ ಪದಗಳು. ಊರು ಕಂಬಾರರದು, ಇಟ್ಟಿಗೆ ಊರವರದು. ಯಾವ ಕಥೆಗಾರನೂ ತನ್ನ ಪದಗಳನ್ನು ತಾನೇ ಸುಟ್ಟು ಮಾಡಿಕೊಳ್ಳುವುದಿಲ್ಲ, ಸಾಲ ತರುತ್ತಾನೆ. ಸಾಲ ಕೊಟ್ಟವರನ್ನು ಆ ಲೋಕದೊಳಗೆ ಹೇಗೆ ಕೂರಿಸಿದ ಎಂಬುದರಲ್ಲಿ ಅವನ ಲೆಕ್ಕ ಚುಕ್ತಾ ಆಗುತ್ತದೆ. ಅವರ ಮಾತನ್ನು ತಂದು ಅವರನ್ನು ನಗೆಪಾಟಲಿಗೆ ಮಾತ್ರ ನಿಲ್ಲಿಸಿದರೆ, ಊರು ಎಷ್ಟೇ ಕಲ್ಪಿತವಾಗಿರಲಿ, ಮೋಸ ನಿಜದ್ದೇ.

ಕಲ್ಪಿತ ಲೋಕದ ಪದಗಳು ನಿಜದ ನೆಲವನ್ನು ಹೇಗೆ ಮುಟ್ಟುತ್ತವೆಂದು ನೋಡಲು ಪುಸ್ತಕ ತೆರೆಯಬೇಕಾಗಿಲ್ಲ. ಹೆಬ್ಬಾಳದಿಂದ ವಿಮಾನ ನಿಲ್ದಾಣದ ಕಡೆ ಹೊರಡಿ. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ ಈ ದಾರಿಯುದ್ದಕ್ಕೂ ಲೋಕಗಳ ಮೇಲೆ ಲೋಕ ಎದ್ದಿವೆ. ಗೇಟಿನ ಮೇಲೆ ಇಟಲಿಯ ಹೆಸರು, ಗ್ರೀಸಿನ ಹೆಸರು. ಜಾಹೀರಾತಿನಲ್ಲಿ 'ಲೇಕ್ ವ್ಯೂ', 'ಪ್ರಶಾಂತ ಜೀವನ'. ಇದನ್ನು ಬರೆದವರೂ ಪದದಿಂದಲೇ ಲೋಕ ಕಟ್ಟಿದ್ದಾರೆ, ಕೆಲವರು ಚೆನ್ನಾಗಿಯೇ ಕಟ್ಟಿದ್ದಾರೆ. ಆ ಲೋಕ ನಿಲ್ಲಬೇಕಾದರೆ ಕೆಲವು ಪದಗಳು ಹೋಗಬೇಕು. ಗೋಮಾಳ, ಗುಂಡುತೋಪು, ಕುಂಟೆ, ಕಟ್ಟೆ, ರಾಜಕಾಲುವೆ. ಗೋಮಾಳ ಎಂದರೆ ಊರ ದನಗಳಿಗೆ ಹಕ್ಕಿದೆ. ಅದನ್ನೇ 'ಖಾಲಿ ಜಾಗ' ಎಂದರೆ ಯಾರಿಗೂ ಇಲ್ಲ. ಹೊರುವ ಭಾರವೇ ಇಲ್ಲವೆಂದು ನಾನು ಬಿಟ್ಟುಕೊಟ್ಟಿದ್ದ 'ಖಾಲಿ' ಎಂಬ ಪದ ಇಲ್ಲಿ ದನವನ್ನೂ ಕಾಯುವವನನ್ನೂ ಒಟ್ಟಿಗೆ ಹೊರಗೆ ಹಾಕಿತು. ಪದದ ಭಾರ ಅದನ್ನು ಇಟ್ಟ ಜಾಗದಲ್ಲಿದೆ.

ಜಾಹೀರಾತು ಬರೆಯುವವನೂ ಕಥೆಗಾರನೂ ಇಬ್ಬರೂ ಇಲ್ಲದ್ದನ್ನು ಕಟ್ಟುವವರೇ ಆದರೆ ವ್ಯತ್ಯಾಸವೇನು? ನನಗೆ ಹೊಳೆಯುವುದು ಇಷ್ಟು. ಒಳ್ಳೆಯ ಕಥೆಯೊಳಗೆ ನಿಂತು ಪ್ರಶ್ನೆ ಕೇಳಬಹುದು. ಇಲ್ಲಿ ನೀರು ಎಲ್ಲಿಂದ ಬರುತ್ತದೆ, ಕಸ ಯಾರು ಗುಡಿಸುತ್ತಾರೆ, ಇಲ್ಲಿ ಮೊದಲು ಯಾರಿದ್ದರು, ಅವರು ಎಲ್ಲಿಗೆ ಹೋದರು? ಕಥೆಯ ಲೋಕ ಆ ಪ್ರಶ್ನೆಗೆ ಕುಸಿಯುವುದಿಲ್ಲ, ಎಷ್ಟೋ ಸಲ ಉತ್ತರವನ್ನೇ ಕೊಡುತ್ತದೆ. ಜಾಹೀರಾತಿನ ಲೋಕ ಆ ಪ್ರಶ್ನೆ ಯಾರೂ ಕೇಳದಿರಲಿ ಎಂದೇ ತನ್ನ ಪದಗಳನ್ನು ಆರಿಸಿಕೊಂಡಿರುತ್ತದೆ. ಹಾಗಾಗಿ ಕಟ್ಟುಕಥೆಯಲ್ಲೂ ಸುಳ್ಳು ಇರುತ್ತದೆ ಎಂಬುದು ನನ್ನ ಉತ್ತರ. ಆಗದ್ದನ್ನು ಆಯಿತೆಂದು ಹೇಳುವುದು ಸುಳ್ಳಲ್ಲ, ಅದು ಕಥೆಯ ಹಕ್ಕು. ಕೇಳಬೇಕಾದ ಪ್ರಶ್ನೆಯನ್ನು ಹುಟ್ಟದಂತೆ ಮಾಡುವ ಪದವೇ ಸುಳ್ಳು ಪದ.

ಈ ಅಳತೆಗೋಲಿಟ್ಟರೆ 'ಹುತಾತ್ಮ' ಬೀಳುತ್ತದೆ. ಅದು ಬಂದ ಮೇಲೆ ಕಿತ್ತಯ್ಯನಿಗೆ ಅನ್ನ ಹಾಕಿದವರು ಯಾರು, ಅವನ ಹೆಂಡತಿಗೆ ಉತ್ತು ತಿನ್ನಲು ಭೂಮಿ ಸಿಕ್ಕಿತೇ ಎಂದು ಯಾರೂ ಕೇಳುವುದಿಲ್ಲ. ಕೈಮುಗಿದು ಹೊರಟುಬಿಡುತ್ತಾರೆ. 'ಜೋಳವಾಳಿ' ಉಳಿಯುತ್ತದೆ. ಎಷ್ಟು ಜೋಳಕ್ಕೆ ಒಂದು ಪ್ರಾಣ ಎಂಬ ಪ್ರಶ್ನೆ ಆ ಪದದ ಹೊಟ್ಟೆಯಲ್ಲೇ ಇದೆ. ಅದರ ಅರ್ಥ ಬಾರದವರು ಒಂದು ಕ್ಷಣ ನಿಂತು ಮುಂದಿನ ಸಾಲಿನಲ್ಲಿ ಅದನ್ನು ಹಿಡಿದುಕೊಳ್ಳುತ್ತಾರೆ. ಓದುಗರ ಮೇಲೆ ಅಷ್ಟು ನಂಬಿಕೆ ಇಡದವನು ಲೋಕ ಕಟ್ಟುವ ಕೆಲಸಕ್ಕೆ ಕೈ ಹಾಕಬಾರದು. 'ಹಾಲು' ಹಾಲಾಗಿಯೇ ಇರಲಿ, 'ಬದಲು' ಇರಲಿ, 'ರೈತ' ಒಕ್ಕಲಾಗಲಿ. 'ನಾಡು' ಬಂದ ಕಡೆಯೆಲ್ಲ ಅದರ ಎಲ್ಲೆಯೂ ಕಾಣಿಸಲಿ, ಒಂದು ಕೆರೆ ಏರಿಯಿಂದ ಮುಂದಿನ ಕೆರೆ ಏರಿಯವರೆಗೆ. ಹುಲಿಯನ್ನು ಮಾತ್ರ ಒಂದೇ ಒಂದು ಕಡೆ ಪುಲಿ ಎಂದೇ ಬಿಡುತ್ತೇನೆ, ಅವನು ರಾತ್ರಿಯ ಹೊತ್ತು ಹೆದರಿ ಕೂಗುವಲ್ಲಿ. ಅದನ್ನು ಓದಿದ ಕನ್ನಡಿಗರಿಗೆ ಅದು ಹಳತೆನಿಸಲಿ. ನಮ್ಮ ಬೀದಿಯ ಆ ಹಿರಿಯರಂಥವರಿಗೆ ಅದು ಮನೆಯ ಮಾತೆನಿಸಲಿ. ಈ ಊರು ಆಗಲೂ ಇಬ್ಬರದ್ದಾಗಿದ್ದಿರಬಹುದು.